ಉಭಯ ಕುಶಲೋಪರಿ: ಹುಲ್ಲುಗಾವಲಿನ ಮನೆಯಿಂದ ತವರಿಗೆ ಬಂದ ಕಾಗದಗಳು

ಒಂದೆರಡು ತಲೆಮಾರಿನ ಹಿಂದೆ ನಮ್ಮ ಹಳ್ಳಿಯ ಮನೆಗಳ ಪಡಸಾಲೆಯಲ್ಲಿ ಒಂದು ವಸ್ತು ತಪ್ಪದೆ ಕಾಣಸಿಗುತ್ತಿತ್ತು. ಕೆಳತುದಿಗೆ ಮರದ ಬಿಲ್ಲೆ, ಮೇಲ್ತುದಿಗೆ ಕೊಕ್ಕೆ ಇದ್ದ ಉದ್ದನೆಯ ತಂತಿಯೊಂದು ಗೋಡೆಯ ಮೊಳೆಗೆ ತೂಗುತ್ತಿತ್ತು. ಮನೆಗೆ ಬಂದ ಕಾಗದಗಳನ್ನೆಲ್ಲ ಓದಿದ ಮೇಲೆ ಅದಕ್ಕೆ ಚುಚ್ಚಿ ಇಡುವರು. ಮೂಲೆಗೆ ಅರಿಶಿನ ಹಚ್ಚಿದ ಮದುವೆಯ ಕರೆ, ಮಗಳು ಹೆತ್ತ ಸುದ್ದಿ, ಎತ್ತು ಕೊಂಡ ವಿವರ, ಮಳೆ ಕೈಕೊಟ್ಟ ದುಃಖ, ಎಲ್ಲವೂ ಆ ಒಂದು ತಂತಿಯಲ್ಲಿ ಒಂದರ ಮೇಲೊಂದು ಕುಳಿತಿರುತ್ತಿದ್ದವು. ಸಾವಿನ ಕಾಗದ ಮಾತ್ರ ಅಲ್ಲಿಗೆ ಸೇರುತ್ತಿರಲಿಲ್ಲ; ಓದಿದೊಡನೆ ಅದನ್ನು ಹರಿದು ಹಾಕುವುದು ರೂಢಿ.

ಆ ಕಾಗದಗಳ ಆರಂಭ ಬಹುಮಟ್ಟಿಗೆ ಒಂದೇ ಬಗೆಯದು. ಹಿರಿಯರಿಗೆ ನಮಸ್ಕಾರ, ಕಿರಿಯರಿಗೆ ಆಶೀರ್ವಾದ, ‘ಉಭಯ ಕುಶಲೋಪರಿ’ ಎಂಬ ಒಂದು ಮಾತು, ಆಮೇಲೆ ಮನೆಯ ಮತ್ತು ಹೊಲದ ವರ್ತಮಾನ. ಇಂದಿನ ಓದುಗರಿಗೆ ಇದು ಬರಿಯ ಒಣ ಪದ್ಧತಿ ಎನಿಸಬಹುದು. ಆದರೆ ದೂರದಲ್ಲಿರುವ ಬಂಧುವಿಗೆ ‘ನಾವು ಬದುಕಿದ್ದೇವೆ, ನೀವೂ ಬದುಕಿದ್ದೀರಿ ಎಂದು ನಂಬಿದ್ದೇವೆ’ ಎಂದು ಹೇಳುವುದಕ್ಕಿಂತ ದೊಡ್ಡ ಸುದ್ದಿ ಯಾವುದಿದೆ?

ಈ ರೂಢಿ ನಮ್ಮೊಬ್ಬರದೇ ಅಲ್ಲ. ಸುಮಾರು ನೂರೈವತ್ತು ವರ್ಷಗಳ ಹಿಂದೆ ಅಮೆರಿಕೆಯ ನಡುನಾಡಿನ ಬಯಲಿನಲ್ಲಿ ಹೊಸದಾಗಿ ನೇಗಿಲು ಹೂಡಿದ ಒಕ್ಕಲು ಮನೆತನಗಳೂ ತಮ್ಮ ಕಾಗದಗಳನ್ನು ಹೀಗೆಯೇ ಆರಂಭಿಸುತ್ತಿದ್ದವು. ನಾವೆಲ್ಲರೂ ಆರೋಗ್ಯವಾಗಿದ್ದೇವೆ, ಈ ನಾಲ್ಕು ಸಾಲು ನಿಮ್ಮ ಕೈಸೇರುವಾಗ ನೀವೂ ಹಾಗೆಯೇ ಇರುವಿರೆಂದು ಹಾರೈಸುತ್ತೇವೆ ಎಂಬುದು ಅವರ ಕಾಗದಗಳ ಮೊದಲ ಮಾತಾಗಿರುತ್ತಿತ್ತು. ಭಾಷೆ ಬೇರೆ, ನೆಲ ಬೇರೆ. ಮನೆಬಿಟ್ಟು ದೂರ ಹೋದವರ ಕರುಳಿನ ಮಾತು ಮಾತ್ರ ಒಂದೇ.

ಭೂಮಿಯನ್ನು ಅರಸಿ ಹೋದವರು

1862ರ ಮೇ 20ರಂದು ಅಮೆರಿಕೆಯ ಅಧ್ಯಕ್ಷ ಅಬ್ರಹಾಂ ಲಿಂಕನ್ನರು ಒಂದು ಕಾಯಿದೆಗೆ ಸಹಿ ಹಾಕಿದರು. ಹೋಮ್‌ಸ್ಟೆಡ್ ಕಾಯಿದೆ ಎಂಬ ಹೆಸರಿನ ಇದು 1863ರ ಜನವರಿ 1ರಿಂದ ಜಾರಿಗೆ ಬಂತು. ಇಪ್ಪತ್ತೊಂದು ವರ್ಷ ತುಂಬಿದವರು ಅಥವಾ ಕುಟುಂಬದ ಯಜಮಾನರಾದವರು ಸರ್ಕಾರಿ ಭೂಮಿಯಲ್ಲಿ 160 ಎಕರೆಯವರೆಗೆ ಪಡೆಯಬಹುದಾಗಿತ್ತು. ಅಲ್ಲಿ ಮನೆ ಕಟ್ಟಿ, ಐದು ವರ್ಷ ವಾಸವಿದ್ದು, ಸಾಗುವಳಿ ಮಾಡಿ ತೋರಿಸಬೇಕು. ಕಚೇರಿಯ ಶುಲ್ಕ ಎಲ್ಲ ಸೇರಿ ಸುಮಾರು 18 ಡಾಲರು. ಅವಿವಾಹಿತ ಸ್ತ್ರೀಯರಿಗೂ ವಿಧವೆಯರಿಗೂ ಈ ಹಕ್ಕು ಇತ್ತು. ಪರರ ಹೊಲವನ್ನು ಗೇಣಿಗೆ ಮಾಡಿ ಬೇಸತ್ತವರಿಗೆ ಇದು ಬಾಗಿಲು ತೆರೆದಂತಾಯಿತು.

ಆದರೆ ಆ ಬಾಗಿಲಿನ ಆಚೆ ಇದ್ದದ್ದು ಮರವಿಲ್ಲದ, ಕಲ್ಲಿಲ್ಲದ, ಕಣ್ಣು ಹಾಯುವಷ್ಟು ದೂರ ಹುಲ್ಲೇ ಹುಲ್ಲಾದ ಬಯಲು. ಅದು ಬರಿದಾದ ನೆಲವೂ ಆಗಿರಲಿಲ್ಲ. ನೆಬ್ರಾಸ್ಕಾ ಪ್ರಾಂತದ ಬಹುಭಾಗ ಪಾನೀ ಮೊದಲಾದ ಮೂಲ ನಿವಾಸಿ ಜನಾಂಗಗಳ ಬೇಟೆಯ ಮತ್ತು ಬೇಸಾಯದ ನೆಲವಾಗಿತ್ತು. ಪ್ಲ್ಯಾಟ್ ನದಿಯ ದಕ್ಷಿಣದ ಭೂಮಿಯನ್ನು ಪಾನೀ ಜನರು 1833ರ ಒಪ್ಪಂದದಲ್ಲಿ ಬಿಟ್ಟುಕೊಡಬೇಕಾಯಿತು. 1870ರ ದಶಕದ ನಡುವೆ ಉಳಿದ ನೆಲವನ್ನೂ ತೊರೆದು ಅವರು ಇಂದಿನ ಒಕ್ಲಹೋಮಾದತ್ತ ಸಾಗಿದರು. ಒಬ್ಬರು ಹೊಸ ಮನೆಯ ಸಂಭ್ರಮವನ್ನು ಕಾಗದದಲ್ಲಿ ಬರೆಯುತ್ತಿದ್ದ ಕಾಲದಲ್ಲಿಯೇ ಇನ್ನೊಬ್ಬರು ತಮ್ಮ ಹಿರಿಯರ ನೆಲಕ್ಕೆ ಬೆನ್ನು ತಿರುಗಿಸುತ್ತಿದ್ದರೆಂಬುದನ್ನು ಈ ಕಾಗದಗಳನ್ನು ಓದುವವರು ಮರೆಯಲಾಗದು.

ಹೀಗೆ ನೆಬ್ರಾಸ್ಕಾಕ್ಕೆ ಹೋದವರಲ್ಲಿ ಯುರಾಯಾ ಓಬ್ಲಿಂಗರ್ ಒಬ್ಬ. ಇಂಡಿಯಾನಾ ಪ್ರಾಂತದವನಾದ ಈತ ಅಂತರ್ಯುದ್ಧದಲ್ಲಿ ಸೈನಿಕನಾಗಿದ್ದವನು. 1872ರಲ್ಲಿ ಹೆಂಡತಿ ಮ್ಯಾಟಿಯನ್ನೂ ಪುಟ್ಟ ಮಗಳನ್ನೂ ಇಂಡಿಯಾನಾದಲ್ಲಿ ಬಿಟ್ಟು, ಮುಚ್ಚುಗಾಡಿಯಲ್ಲಿ ಹೊರಟು, ನೆಬ್ರಾಸ್ಕಾದ ಫಿಲ್ಮೋರ್ ಎಂಬ ಜಿಲ್ಲೆಯಲ್ಲಿ ಭೂಮಿಗೆ ಅರ್ಜಿ ಹಾಕಿದ. ನಡುವಣ ಅಂತರ ಸುಮಾರು 600 ಮೈಲಿ. ಬೆಂಗಳೂರಿಗೂ ಮುಂಬಯಿಗೂ ಇರುವಷ್ಟು ದೂರವೆನ್ನಬಹುದು. ಆ ಚಳಿಗಾಲವೆಲ್ಲ ಗಂಡಹೆಂಡಿರ ಸಂಸಾರ ನಡೆದದ್ದು ಕಾಗದದ ಮೇಲೆ. ಈ ಮನೆತನದವರು ಬರೆದ 300ಕ್ಕೂ ಹೆಚ್ಚು ಕಾಗದಗಳು ಇಂದಿಗೂ ನೆಬ್ರಾಸ್ಕಾದ ಇತಿಹಾಸ ಸಂಸ್ಥೆಯಲ್ಲಿ ಸುರಕ್ಷಿತವಾಗಿವೆ. ರಾಜಮಹಾರಾಜರ ಪತ್ರಗಳಲ್ಲ, ಸಾಮಾನ್ಯ ಒಕ್ಕಲಿನ ಮನೆಯ ಪತ್ರಗಳು. ಅವುಗಳ ಬೆಲೆ ಇರುವುದು ಅಲ್ಲಿಯೇ.

ಕಾಗದ ನಡೆದ ದಾರಿ

ಆ ಕಾಲದ ಅಂಚೆಯ ವ್ಯವಸ್ಥೆಯನ್ನು ಸ್ವಲ್ಪ ತಿಳಿದರೆ ಒಂದೊಂದು ಕಾಗದದ ಹಿಂದಿನ ಶ್ರಮ ಅರ್ಥವಾಗುತ್ತದೆ. 1845ಕ್ಕಿಂತ ಮೊದಲು ಅಮೆರಿಕೆಯಲ್ಲಿ ಅಂಚೆ ವೆಚ್ಚ ಬಹಳ ದುಬಾರಿ. ಹಾಳೆ ಎಷ್ಟು, ದೂರ ಎಷ್ಟು ಎಂದು ಎಣಿಸಿ ಹಣ ಪಡೆಯುತ್ತಿದ್ದರು. ಅದನ್ನು ಹೆಚ್ಚಾಗಿ ಕೊಡುತ್ತಿದ್ದವರು ಕಾಗದ ಪಡೆದವರೇ. ಹೀಗಾಗಿ ಬಡ ಬಂಧುವಿಗೆ ಕಾಗದ ಬರೆಯುವುದೆಂದರೆ ಅವನ ತಲೆಯ ಮೇಲೆ ಸಾಲ ಹೊರಿಸಿದಂತೆ. 1855ರಿಂದ ಕಳುಹಿಸುವವರೇ ಮುಂಗಡವಾಗಿ ಹಣ ಕೊಡುವುದು ಕಡ್ಡಾಯವಾಯಿತು. 1860ರಲ್ಲಿ ಕುದುರೆ ಸವಾರರ ಮೂಲಕ ಪಶ್ಚಿಮ ತೀರಕ್ಕೆ ಅಂಚೆ ಸಾಗಿಸುವ ಪ್ರಸಿದ್ಧ ಏರ್ಪಾಡು ಆರಂಭವಾದಾಗ ಅರ್ಧ ಔನ್ಸಿನ ಕಾಗದಕ್ಕೆ ಮೊದಲು 5 ಡಾಲರು ತೆರಬೇಕಾಗಿತ್ತು. ಒಕ್ಕಲು ಮಕ್ಕಳಿಗೆ ಅದು ಎಟುಕುವ ಮಾತಲ್ಲ. ಆ ಏರ್ಪಾಡು 1861ರಲ್ಲಿಯೇ ನಿಂತಿತು.

1863ರಿಂದ ಅರ್ಧ ಔನ್ಸಿನ ಕಾಗದಕ್ಕೆ ದೇಶದ ಎಲ್ಲೆಡೆಗೂ 3 ಸೆಂಟು ಎಂದು ನಿಗದಿಯಾಯಿತು. 1873ರ ಮೇ ತಿಂಗಳಿನಲ್ಲಿ ಒಂದು ಸೆಂಟಿನ ಅಂಚೆ ಕಾರ್ಡು ಬಂತು. ನಮ್ಮ ದೇಶಕ್ಕೆ ಕಾಲಾಣೆಯ ಕಾರ್ಡು ಬಂದದ್ದು 1879ರ ಜುಲೈ 1ರಂದು. ಬಡವನ ಸುಖದುಃಖವೂ ಅಂಚೆಯ ಚೀಲವನ್ನು ಸೇರಿದ್ದು ಇಂತಹ ಅಗ್ಗದ ಕಾರ್ಡು, ಕಾಗದಗಳಿಂದಲೇ.

ತೂಕ ಹೆಚ್ಚಿದರೆ ಹಣ ಹೆಚ್ಚು. ಆದುದರಿಂದ ಒಂದೇ ಹಾಳೆಯಲ್ಲಿ ಮನೆಯವರೆಲ್ಲರ ಮಾತೂ ಅಡಕವಾಗಬೇಕು. ಕೆಲವರು ಹಾಳೆ ತುಂಬಿದ ಮೇಲೆ ಅದನ್ನು ಅಡ್ಡಲಾಗಿ ತಿರುಗಿಸಿ, ಬರೆದ ಸಾಲುಗಳ ಮೇಲೆಯೇ ಮತ್ತೆ ಬರೆಯುತ್ತಿದ್ದರು. ನಮ್ಮಲ್ಲಿ ಕಾರ್ಡಿನ ಅಂಚಿನಲ್ಲಿ, ವಿಳಾಸದ ಪಕ್ಕದಲ್ಲಿ, ಇರುವೆಯ ಸಾಲಿನಂತೆ ಕೊನೆಯ ಮಾತನ್ನು ತುರುಕಿದವರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಗದ ಮನೆ ಬಾಗಿಲಿಗೂ ಬರುತ್ತಿರಲಿಲ್ಲ. ಪಟ್ಟಣಗಳಲ್ಲಿ ಮನೆಮನೆಗೆ ಹಂಚುವ ಪದ್ಧತಿ 1863ರಲ್ಲಿಯೇ ಆರಂಭವಾದರೂ ಹಳ್ಳಿಗಾಡಿಗೆ ಅದು ಬಂದದ್ದು 1896ರಿಂದೀಚೆಗೆ. ಅಲ್ಲಿಯವರೆಗೆ ಅಂಚೆಯ ಕಚೇರಿ ಎಂದರೆ ದಿನಸಿ ಅಂಗಡಿಯ ಒಂದು ಮೂಲೆ, ಇಲ್ಲವೆ ಯಾರಾದರೂ ಒಕ್ಕಲಿಗನ ಮನೆಯ ಒಂದು ಕೋಣೆ. ಹಲವು ಮೈಲಿ ಗಾಡಿ ಹೊಡೆದುಕೊಂಡು ಹೋಗಿ ‘ನಮಗೇನಾದರೂ ಬಂದಿದೆಯೇ’ ಎಂದು ಕೇಳಬೇಕು. ಹೋದವರು ನೆರೆಹೊರೆಯವರ ಕಾಗದಗಳನ್ನೂ ತರುವುದು ವಾಡಿಕೆ. ತಂದದ್ದನ್ನು ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಸುತ್ತ ಕುಳಿತು ಕೇಳಬೇಕು. ನಾರ್ವೆ ದೇಶದಿಂದ ವಲಸೆ ಹೋದವರು ತಾಯ್ನಾಡಿಗೆ ಬರೆದ ಕಾಗದಗಳನ್ನಂತೂ ಊರವರು ಕೈಬರಹದಲ್ಲಿ ಪ್ರತಿ ಮಾಡಿಕೊಂಡು ಒಬ್ಬರಿಂದೊಬ್ಬರಿಗೆ ದಾಟಿಸುತ್ತಿದ್ದರು. ಕೆಲವು ಪತ್ರಿಕೆಗಳಲ್ಲಿಯೂ ಅಚ್ಚಾದವು. ಒಬ್ಬನಿಗೆ ಬರೆದ ಕಾಗದ ಇಡೀ ಊರಿನದಾಗುತ್ತಿತ್ತು.

ಹೆಂಟೆಯ ಮನೆಯ ಗೃಹಿಣಿ

1873ರ ಏಪ್ರಿಲ್ 13, ಈಸ್ಟರ್ ಹಬ್ಬದ ಭಾನುವಾರ. ಅಂದು ನೆಬ್ರಾಸ್ಕಾದಲ್ಲಿ ಎದ್ದ ಹಿಮದ ಬಿರುಗಾಳಿ ಮೂರು ದಿನ ಬಿಡದೆ ಹೊಡೆಯಿತು. ಕಣ್ಣೆದುರಿನ ಕೊಟ್ಟಿಗೆಗೆ ಹೋಗುವುದೂ ಜೀವದ ಹಂಗು ತೊರೆದ ಕೆಲಸವಾಯಿತು. ಎಷ್ಟೋ ದನಕರುಗಳು ಸತ್ತವು. ಅಲ್ಲಿದ್ದ ಯುರಾಯಾ ಆ ದಿನಗಳ ಅನುಭವವನ್ನು ಹೆಂಡತಿಗೆ ಕಾಗದದಲ್ಲಿ ಬರೆದ. ಅದನ್ನು ಓದಿಯೂ ಮ್ಯಾಟಿ ಹೊರಟು ನಿಂತಳು ಎಂಬುದು ಗಮನಿಸತಕ್ಕ ಸಂಗತಿ. ಮರುತಿಂಗಳೇ ಮಗುವಿನೊಡನೆ ಗಂಡನನ್ನು ಸೇರಿಕೊಂಡಳು. ಆತ ಕಷ್ಟವನ್ನು ಮುಚ್ಚಿಡದೆ ಬರೆದದ್ದರಿಂದ ಆಕೆ ತಿಳಿದೇ ಹೊರಟಳು, ಮೋಸಹೋಗಿ ಹೊರಡಲಿಲ್ಲ.

ಜೂನ್ ತಿಂಗಳಲ್ಲಿ ಆಕೆ ತವರಿಗೆ ಬರೆದ ಕಾಗದವೊಂದಿದೆ. ಸ್ವಂತ ಮನೆಗೆ ಬಂದ ಸಂತೋಷ ಅದರ ಜೀವಾಳ. ಆ ಮನೆಯಾದರೂ ಎಂತಹುದು? ಮರವಿಲ್ಲದ ಆ ಬಯಲಿನಲ್ಲಿ ನೇಗಿಲಿನಿಂದ ಹುಲ್ಲಿನ ಬೇರುಸಹಿತ ನೆಲವನ್ನು ಪಟ್ಟಿಪಟ್ಟಿಯಾಗಿ ಸೀಳಿ, ಎರಡು ಮೂರು ಅಡಿಯ ಹೆಂಟೆಗಳಾಗಿ ಕತ್ತರಿಸಿ, ಹುಲ್ಲಿನ ಮುಖ ಕೆಳಗಾಗುವಂತೆ ಒಂದರ ಮೇಲೊಂದು ಜೋಡಿಸಿ ಎರಡು ಅಡಿಗೂ ಮಿಕ್ಕಿದ ದಪ್ಪದ ಗೋಡೆ ಎಬ್ಬಿಸುವರು. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಮಳೆ ಬಂದರೆ ಮಾತ್ರ ಮಾಡು ಸೋರಿ ಕೆಸರಿನ ಹನಿ ಹಾಸಿಗೆಯ ಮೇಲೆ ಬೀಳುವುದು. ಹಾವು, ಇಲಿಗಳ ಕಾಟ ಬೇರೆ. ನಮ್ಮ ಬಯಲುಸೀಮೆಯ ಮಾಳಿಗೆ ಮನೆಯಲ್ಲಿ ಬೆಳೆದವರಿಗೆ ಮಣ್ಣಿನ ಮನೆಯ ಸುಖವೂ ಗೊತ್ತು, ಸೋರುವ ಮಾಡಿನ ಸಂಕಟವೂ ಗೊತ್ತು.

ಮ್ಯಾಟಿ ಬರೆದದ್ದು ಇಷ್ಟೆ: ಇಲ್ಲಿ ಬಹುಪಾಲು ಜನ ಇಂತಹ ಮನೆಗಳಲ್ಲಿಯೇ ಇದ್ದಾರೆ; ಇನ್ನೂ ಹಲಗೆಯ ನೆಲಹಾಸು ಆಗಿಲ್ಲ, ಶರತ್ಕಾಲದ ವೇಳೆಗೆ ಆದೀತು; ಅದೊಂದನ್ನು ಬಿಟ್ಟರೆ ಬೇರೆ ದೂರಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ ಇದು ಗೇಣಿಯ ಮನೆಯಲ್ಲ, ನಮ್ಮ ಸ್ವಂತದ್ದು ಎಂಬ ಭಾವ ಆ ಸಾಲುಗಳಲ್ಲಿ ತುಂಬಿದೆ. ಮಗಳು ದೂರದಲ್ಲಿ ಹೇಗಿದ್ದಾಳೋ ಎಂದು ಕೊರಗುವ ತವರಿಗೆ ಹಲಗೆಯ ನೆಲ ಇಲ್ಲದ ಸಂಗತಿಯನ್ನೂ ತಿಳಿಸಬೇಕು, ಅವರ ಎದೆ ಒಡೆಯದಂತೆಯೂ ತಿಳಿಸಬೇಕು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಜಾಣ್ಮೆ ಹೆಣ್ಣುಮಕ್ಕಳಿಗೆ ಎಲ್ಲ ದೇಶದಲ್ಲಿಯೂ ಸಹಜವಾಗಿ ಬಂದಿರುತ್ತದೆ.

ಹೊಲದ ಸುದ್ದಿ ಏಕೆ ಬೇಕು?

ಇಂತಹ ಕಾಗದಗಳನ್ನು ಓದುವಾಗ ಒಂದು ಪ್ರಶ್ನೆ ಏಳುತ್ತದೆ. ಜೋಳ ಎಷ್ಟು ಎಕರೆ ಬಿತ್ತಿದೆ, ಹಸು ಯಾವಾಗ ಕರು ಹಾಕಿತು, ಹಂದಿಗೆ ಏನು ಬೆಲೆ, ಬಾವಿಯಲ್ಲಿ ಎಷ್ಟು ಅಡಿಗೆ ನೀರು ಸಿಕ್ಕಿತು, ಇಂತಹ ವಿವರಗಳೇ ಪುಟಗಟ್ಟಲೆ ಏಕೆ? 600 ಮೈಲಿ ಆಚೆ ಇರುವ ಅತ್ತೆಗೋ ಅಣ್ಣನಿಗೋ ಇದರಿಂದ ಏನು ಪ್ರಯೋಜನ?

ಪ್ರಯೋಜನ ಎರಡು ಬಗೆಯದು. ಮೊದಲನೆಯದು ವ್ಯವಹಾರದ್ದು. ಊರಲ್ಲಿ ಉಳಿದ ತಮ್ಮ ತಾನೂ ಹೊರಡಬೇಕೇ ಬೇಡವೇ ಎಂದು ನಿರ್ಧರಿಸುತ್ತಿದ್ದದ್ದು ಈ ವಿವರಗಳಿಂದ. ಭೂಮಿ ಮಾರುವ ಕಂಪನಿಗಳ ಬಣ್ಣದ ಜಾಹೀರಾತಿಗಿಂತ ಒಡಹುಟ್ಟಿದವನ ನಾಲ್ಕು ಸಾಲಿನಲ್ಲಿ ಅವನಿಗೆ ಹೆಚ್ಚು ನಂಬಿಕೆ. ಹುಲ್ಲಿನ ಬೇರು ಬಿಗಿದ ಹೊಸ ನೆಲದಲ್ಲಿ ಮೊದಲ ವರ್ಷ ಕೊಡಲಿಯಿಂದ ಸೀಳಿ ಸೀಳಿ ಮೆಕ್ಕೆಜೋಳದ ಬೀಜ ಹಾಕಬೇಕು. ಸೌದೆ ಇಲ್ಲದ ಕಡೆ ದನಗಳ ಒಣ ಸಗಣಿಯನ್ನು ಉರಿಸಬೇಕು. ಬೆಲೆ ಬಿದ್ದ ವರ್ಷ ಮಾರಲು ಕೊಂಡೊಯ್ಯುವುದಕ್ಕಿಂತ ಮೆಕ್ಕೆಜೋಳವನ್ನೇ ಒಲೆಗೆ ಹಾಕುವುದು ಲಾಭ. ಇಂತಹ ತಿಳಿವಳಿಕೆ ಒಬ್ಬರಿಂದೊಬ್ಬರಿಗೆ ದಾಟಿದ್ದು ಹೆಚ್ಚಾಗಿ ಬಾಯಿಮಾತಿನಿಂದ ಮತ್ತು ಬಂಧುಗಳ ಕಾಗದದಿಂದ. ಕುಳ್ಳು ತಟ್ಟಿ ಒಲೆ ಉರಿಸಿದ ನಮ್ಮ ಅಜ್ಜಿಯರು ಆ ಬಯಲಿನ ಗೃಹಿಣಿಯನ್ನು ಕಂಡಿದ್ದರೆ ಪಕ್ಕದ ಮನೆಯವಳೆಂದೇ ಮಾತನಾಡಿಸುತ್ತಿದ್ದರು. ಲಕೋಟೆಯೊಳಗೆ ತವರಿನ ತೋಟದ ಬೀಜಗಳನ್ನು ಇಟ್ಟು ಕಳುಹಿಸುವುದೂ ಇತ್ತು. ಹೊಸ ಉಡುಪಿನ ಬಟ್ಟೆಯ ಚೂರು, ಮಗುವಿನ ಕೂದಲಿನ ಎಳೆ, ಒಣಗಿಸಿದ ಹೂವು ಕೂಡ ಹಾಗೆಯೇ ದೂರ ಪ್ರಯಾಣ ಮಾಡುತ್ತಿದ್ದವು.

ಎರಡನೆಯ ಪ್ರಯೋಜನ ಇನ್ನೂ ಆಳವಾದದ್ದು. ಕಣ್ಣಿಗೆ ಕಾಣದ ಬಂಧುವಿನ ದಿನಚರಿ ನಮಗೆ ಗೊತ್ತಿದ್ದರೆ ಅವನು ದೂರದವನಾಗುವುದಿಲ್ಲ. ಅವನ ಹಸುವಿನ ಬಣ್ಣ, ಅವನ ಬಾವಿಯ ಆಳ, ಅವನ ಹೊಲದ ಇಳಿಜಾರು ನಮ್ಮ ಮನಸ್ಸಿನಲ್ಲಿ ನಿಂತಿದ್ದರೆ ಅಲ್ಲಿ ಮಳೆ ಬಂತೆಂದಾಗ ಇಲ್ಲಿ ನಮಗೆ ತಂಪಾಗುತ್ತದೆ. ‘ನಿಮ್ಮ ನೆನಪಾಗುತ್ತಿದೆ’ ಎಂಬ ಮಾತನ್ನು ಹೇಳದೆಯೇ ಹೇಳುವ ದಾರಿ ಈ ಚಿಕ್ಕಪುಟ್ಟ ವರ್ತಮಾನ.

ಮಿಡತೆಯ ವರ್ಷ

ಸಂತಸದ ಸುದ್ದಿ ಮಾತ್ರ ಬರೆಯುವ ಭಾಗ್ಯ ಆ ಜನಕ್ಕೆ ಇರಲಿಲ್ಲ. 1874ರ ಬೇಸಿಗೆಯಲ್ಲಿ ಬೆಟ್ಟಸೀಮೆಯ ಮಿಡತೆಗಳು ಮೋಡದಂತೆ ಕವಿದು ನೆಬ್ರಾಸ್ಕಾ, ಕಾನ್ಸಾಸ್ ಮೊದಲಾದ ಪ್ರಾಂತಗಳ ಮೇಲೆ ಇಳಿದವು. ನಿಂತ ಪೈರು, ತೋಟದ ಕಾಯಿಪಲ್ಲೆ, ಮರದ ತೊಗಟೆ, ಒಣಹಾಕಿದ ಬಟ್ಟೆ ಕೂಡ ಉಳಿಯಲಿಲ್ಲ. ಹೊಸ ಒಕ್ಕಲುಗಳಿಗೆ ಮುಂದಿನ ವರ್ಷದ ಬೀಜಕ್ಕೂ ಗತಿಯಿಲ್ಲದಂತಾಯಿತು. ಐದು ವರ್ಷ ಬಿಡದೆ ವಾಸವಿರಬೇಕೆಂಬ ನಿಯಮವನ್ನು ಸರ್ಕಾರ ಸಡಿಲಿಸಿ, ಹಾಳಾದವರು ತಾತ್ಕಾಲಿಕವಾಗಿ ಬೇರೆಡೆ ಹೋಗಿ ದುಡಿಯಲು ಅವಕಾಶ ಕೊಟ್ಟಿತು. ಬಟ್ಟೆ ಮತ್ತು ಬೀಜದ ನೆರವನ್ನೂ ಒದಗಿಸಿತು.

ಆ ದಿನಗಳಲ್ಲಿ ಕಾಗದವೇ ಆಸರೆಯಾಯಿತು. ಪೂರ್ವದ ಬಂಧುಗಳಿಗೆ ಸ್ಥಿತಿ ತಿಳಿದದ್ದು ಕಾಗದದಿಂದ; ಹಳೆಯ ಉಡುಪು, ಧಾನ್ಯ, ಸ್ವಲ್ಪ ಹಣ ರೈಲಿನಲ್ಲಿ ಪಶ್ಚಿಮಕ್ಕೆ ಹೊರಟದ್ದು ಕಾಗದ ಓದಿದ ಮೇಲೆ. ಆದರೆ ಹಾಗೆ ಬರೆಯುವುದು ಸುಲಭವಿರಲಿಲ್ಲ. ಹೋಗಬೇಡವೆಂದು ತಡೆದ ಹಿರಿಯರಿಗೆ ‘ನಾವು ಸೋತಿದ್ದೇವೆ’ ಎಂದು ಬರೆಯಲು ಯಾರ ಕೈ ಏಳುತ್ತದೆ? ಕೆಲವರು ಬರೆದರು, ಊರಿಗೆ ಮರಳಿದರು. ಕೆಲವರು ಮೌನವಾಗಿ ಮುಂದಿನ ಬಿತ್ತನೆಗೆ ಕಾದರು. ಅಷ್ಟೊಂದು ಹಾವಳಿ ಮಾಡಿದ ಆ ಮಿಡತೆಯ ಜಾತಿ 1902ರ ಅನಂತರ ಯಾರಿಗೂ ಜೀವಂತವಾಗಿ ಸಿಕ್ಕಿಲ್ಲವೆಂಬುದು ಪ್ರಕೃತಿಯ ವಿಚಿತ್ರ.

ಬರೆಯದೆ ಉಳಿದ ಮಾತು

ಆ ಕಾಲದ ಹೆಂಗಸರ ಕಾಗದಗಳಲ್ಲಿ ಒಂದು ವಿಷಯ ಮಾತ್ರ ಬಾಯಿ ಬಿಡುವುದು ಕಡಿಮೆ. ತಾವು ಬಸುರಿಯಾಗಿರುವ ಸಂಗತಿಯನ್ನು ಅವರು ತೆರೆದು ಬರೆಯುತ್ತಿರಲಿಲ್ಲ. ಸೂಚನೆಯಾಗಿ ತಿಳಿಸುವುದು, ಇಲ್ಲವೆ ಹೆತ್ತ ಮೇಲೆ ತಿಳಿಸುವುದು ರೂಢಿ. ವೈದ್ಯರು ಹತ್ತಾರು ಮೈಲಿ ದೂರ, ತಾಯಿ ನೂರಾರು ಮೈಲಿ ದೂರ. ಹೆರಿಗೆಗೆ ತವರಿಗೆ ಹೋಗುವ ನಮ್ಮ ಪದ್ಧತಿಯ ಹಿಂದಿನ ವಿವೇಕ ಏನೆಂಬುದು ಇಂತಹ ಕಡೆ ಹೊಳೆಯುತ್ತದೆ.

ಮ್ಯಾಟಿ ಏಳು ವರ್ಷ ಆ ಬಯಲಿನ ಮನೆಯಲ್ಲಿ ಬಾಳಿದಳು. ಮನೆ ಕಟ್ಟಿದ್ದನ್ನು, ಮಕ್ಕಳು ಬೆಳೆದದ್ದನ್ನು ತವರಿಗೆ ತಿಳಿಸುತ್ತ ಬಂದಳು. 1880ರ ಫೆಬ್ರುವರಿಯಲ್ಲಿ ಹೆರಿಗೆಯ ಸಂದರ್ಭದಲ್ಲಿ ಆಕೆ ತೀರಿಕೊಂಡಳು. ಹಿಂದೆ ಉಳಿದವರು ಯುರಾಯಾ ಮತ್ತು ಮೂವರು ಹೆಣ್ಣುಮಕ್ಕಳು. ಆತ ಮುಂದೆ ಮರುಮದುವೆಯಾಗಿ, ಊರೂರು ತಿರುಗಿ, 1901ರಲ್ಲಿ ಕಣ್ಣುಮುಚ್ಚಿದ.

ಮ್ಯಾಟಿ ಕಟ್ಟಿದ ಮಣ್ಣಿನ ಮನೆ ಇಂದು ಇಲ್ಲ. ಅಂತಹ ಮನೆಗಳು ಕೆಲವೇ ವರ್ಷ ನಿಂತು, ಮಳೆಗೆ ಕರಗಿ, ಮತ್ತೆ ಹೊಲವೇ ಆಗಿಬಿಡುತ್ತವೆ. ಆದರೆ ಆ ಮನೆಯೊಳಗೆ ಕುಳಿತು ಆಕೆ ಬರೆದ ಹಾಳೆಗಳು ಉಳಿದಿವೆ. ಉಳಿದದ್ದಕ್ಕೆ ಕಾರಣ ಬರೆದವರು ಮಾತ್ರವಲ್ಲ, ಕಾದಿಟ್ಟವರೂ ಹೌದು. ಕೈಸೇರಿದ ಕಾಗದವನ್ನು ಒಲೆಗೆ ಹಾಕದೆ ಮಡಿಸಿ ಇಟ್ಟ ತವರಿನವರು, ತಲೆಮಾರುಗಳ ಕಾಲ ಅದನ್ನು ಜೋಪಾನ ಮಾಡಿದ ಮಕ್ಕಳು ಮೊಮ್ಮಕ್ಕಳು ಇಲ್ಲದಿದ್ದರೆ, ತಾಯಿ ಏನು ಉಂಡಳು, ಹೇಗೆ ಬಾಳಿದಳು, ಯಾವುದಕ್ಕೆ ಹಿಗ್ಗಿದಳು ಎಂಬುದು ಆ ಎಳೆಯ ಹೆಣ್ಣುಮಕ್ಕಳ ಸಂತತಿಗೇ ತಿಳಿಯುತ್ತಿರಲಿಲ್ಲ.

ನಮ್ಮ ಮನೆಯ ಪೆಟ್ಟಿಗೆಯಲ್ಲಿ

ಇಂದು ದೂರವೆಂಬುದೇ ಇಲ್ಲವಾಗಿದೆ. ನಮ್ಮ ದೇಶದ ತಂತಿ ಸೇವೆ 2013ರಲ್ಲಿ ಮುಗಿಯಿತು. ಅಮೆರಿಕೆಯಲ್ಲಿರುವ ಮಗನ ಮುಖವನ್ನು ಹಳ್ಳಿಯ ಕಟ್ಟೆಯ ಮೇಲೆ ಕುಳಿತ ತಾಯಿ ಕೈಯೊಳಗಿನ ಫೋನಿನಲ್ಲಿ ಕಾಣಬಲ್ಲಳು. ಇದು ಸಂತೋಷದ ವಿಷಯವೇ. ಆದರೆ ಮುಖ ಕಂಡ ಮಾತ್ರಕ್ಕೆ ವರ್ತಮಾನ ತಿಳಿಯಿತೇ? ‘ಊಟ ಆಯಿತೇ, ಆರಾಮ ಇದ್ದೀಯಾ’ ಎಂಬಲ್ಲಿಗೆ ಮಾತು ಮುಗಿದರೆ, ಈ ವರ್ಷ ತೊಗರಿ ಎಷ್ಟು ಚೀಲವಾಯಿತು, ಹಳೆಯ ಎತ್ತನ್ನು ಏಕೆ ಮಾರಿದಿರಿ, ದೊಡ್ಡಪ್ಪನವರ ಮೊಣಕಾಲು ಹೇಗಿದೆ ಎಂಬುದು ಮಗನಿಗೆ ತಿಳಿಯುವುದು ಯಾವಾಗ? ಆತನ ಕಷ್ಟ ತಾಯಿಗೆ ತಿಳಿಯುವುದು ಯಾವಾಗ? ಆಡಿದ ಮಾತು ಗಾಳಿಗೆ ಹೋಗುತ್ತದೆ. ಇಪ್ಪತ್ತು ವರ್ಷದ ಮೇಲೆ ಮೊಮ್ಮಗಳು ಅದನ್ನು ತೆರೆದು ಓದಲಾರಳು.

ಆದುದರಿಂದ ಓದುಗ ಬಂಧುಗಳಲ್ಲಿ ಒಂದು ಬಿನ್ನಹ. ಅಟ್ಟದ ಮೇಲಿನ ಟ್ರಂಕಿನಲ್ಲಿ, ಹಳೆಯ ತಂತಿಯಲ್ಲಿ ಹಿರಿಯರ ಕಾಗದಗಳು ಉಳಿದಿದ್ದರೆ ರದ್ದಿಗೆ ಹಾಕಬೇಡಿರಿ. ಒಮ್ಮೆ ಬಿಡಿಸಿ, ಧೂಳು ಕೊಡವಿ, ಬರೆದವರು ಯಾರು, ಯಾರಿಗೆ ಬರೆದರು, ಯಾವ ವರ್ಷ ಎಂಬುದನ್ನು ಒಂದು ಚೀಟಿಯಲ್ಲಿ ಗುರುತು ಮಾಡಿ ಇಡಿರಿ. ಅದನ್ನು ಹೇಳಬಲ್ಲ ಹಿರಿಯರು ಮನೆಯಲ್ಲಿ ಇರುವಾಗಲೇ ಈ ಕೆಲಸ ಆಗಬೇಕು. ಹಾಗೆಯೇ ವರ್ಷಕ್ಕೆ ಒಂದಾದರೂ ಕಾಗದವನ್ನು ದೂರದ ಬಂಧುವಿಗೆ ನಿಮ್ಮ ಕೈಯಾರೆ ಬರೆಯಿರಿ. ದೊಡ್ಡ ಸಂಗತಿ ಏನೂ ಇರಬೇಕಾಗಿಲ್ಲ. ಮಳೆ ಬಂತು, ಹಸು ಕರು ಹಾಕಿತು, ಮಗು ನಡೆಯಲು ಕಲಿತಿತು, ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದಿದ್ದರೆ ಸಾಕು. ಮ್ಯಾಟಿ ಬರೆದದ್ದೂ ಅಷ್ಟನ್ನೇ.